ಜಪಾನಿ ಕತ್ತಿಯ ತ್ಸುಬಾ: ಕಾಲ ತಿಳಿಯಬೇಕೇ, ಸಹಿಯನ್ನು ಕೊನೆಗೆ ನೋಡಿ

ನಾನು ಮೊದಲು ಕೊಂಡ ತ್ಸುಬಾ ನಕಲಿ. ಕೆಲಸದ ಮೇಲೆ ಎರಡು ವರ್ಷ ಜಪಾನಿನಲ್ಲಿದ್ದಾಗ, ಒಂದು ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಅದು ಕಣ್ಣಿಗೆ ಬಿತ್ತು. ಅಂಗೈಯಗಲದ ಕಪ್ಪು ಬಿಲ್ಲೆ. ಮೇಲೆ ಮೋಡ, ಡ್ರ್ಯಾಗನ್, ಪಕ್ಕದಲ್ಲಿ ಉದ್ದನೆಯ ಸಹಿ. ಸಹಿ ಇದೆ ಅಂದಮೇಲೆ ಇನ್ನೇನು ಬೇಕು ಅಂತ ಚೌಕಾಸಿ ಕೂಡ ಮಾಡದೆ ದುಡ್ಡು ಕೊಟ್ಟೆ. ರೂಮಿಗೆ ಬಂದು ಭೂತಗನ್ನಡಿ ಹಿಡಿದು ನೋಡಿದರೆ, ಡ್ರ್ಯಾಗನ್ನಿನ ಒಂದೊಂದು ಚಿಪ್ಪೂ ಚೀಪಿ ಬಿಟ್ಟ ಪೆಪ್ಪರಮಿಂಟಿನ ಹಾಗೆ ಮೊಂಡು. ಸಹಿಯೂ ಅಷ್ಟೇ. ಉಳಿಯಲ್ಲಿ ಕೊರೆದದ್ದಲ್ಲ, ಅಚ್ಚಿನಲ್ಲೇ ಬಂದದ್ದು.

ಆಮೇಲೆ ಕಲಿಯಲು ಕೂತೆ. ತಿಳಿದವರು ಸಹಿಯನ್ನು ಕೊನೆಗೆ ಓದುತ್ತಾರೆ ಅನ್ನುವುದು ಗೊತ್ತಾಯಿತು. ಅದಕ್ಕೂ ಮೊದಲು ಅವರು ನಡುವಿನ ತೂತು ನೋಡುತ್ತಾರೆ, ಕತ್ತರಿಸಿದ ಒಳಗೋಡೆ ನೋಡುತ್ತಾರೆ, ಲೋಹದ ಬಣ್ಣ ನೋಡುತ್ತಾರೆ. ನಾನೂ ಇಲ್ಲಿ ಅದೇ ಕ್ರಮದಲ್ಲಿ ಹೇಳುತ್ತೇನೆ. ಬೇಕಾದ ಸಲಕರಣೆ ಜಾಸ್ತಿಯೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಅಯಸ್ಕಾಂತ, ಟಾರ್ಚು, ಹಳೇ ಹತ್ತಿ ಬಟ್ಟೆ.

ಅಷ್ಟಕ್ಕೂ ಇದು ಏನು

ಕತ್ತಿಯ ಹಿಡಿ ಮತ್ತು ಅಲಗಿನ ನಡುವೆ ಕೂರುವ ಲೋಹದ ಬಿಲ್ಲೆಯೇ ತ್ಸುಬಾ. ಇರಿಯುವಾಗ ಕೈ ಜಾರಿ ಅಲಗಿನ ಮೇಲೆ ಹೋಗದಂತೆ ತಡೆಯುತ್ತದೆ. ಎದುರಾಳಿಯ ಏಟಿನಿಂದ ಬೆರಳನ್ನು ಸ್ವಲ್ಪ ಕಾಯುತ್ತದೆ. ಕತ್ತಿಯ ತೂಕವನ್ನೂ ಹದಕ್ಕೆ ತರುತ್ತದೆ. ಹಿಡಿಯಲ್ಲಿರುವ ಬಿದಿರಿನ ಪುಟ್ಟ ಆಣಿಯನ್ನು ಹೊಡೆದು ತೆಗೆದರೆ ಹಿಡಿ ಕಳಚುತ್ತದೆ, ತ್ಸುಬಾ ಕೈಗೆ ಬರುತ್ತದೆ. ಅಲಗು ಹಳೆಯದು, ತ್ಸುಬಾ ಹೊಸದು ಇರಬಹುದು, ಉಲ್ಟಾನೂ ಇರಬಹುದು. ಒಂದೇ ಅಲಗಿಗೆ ತಲೆಮಾರಿಗೊಂದು ತ್ಸುಬಾ ಹಾಕಿಸಿಕೊಂಡವರಿದ್ದರು. ಹಾಗಾಗಿ ಕತ್ತಿಯ ವಯಸ್ಸನ್ನು ತ್ಸುಬಾಕ್ಕೆ ಅಂಟಿಸಬೇಡಿ.

ಬಿಡಿ ತ್ಸುಬಾಗಳು ಇಷ್ಟೊಂದು ಸಿಗುವುದಕ್ಕೂ ಕಾರಣ ಇದೆ. ಮೇಜಿ ಸರ್ಕಾರ 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ಸಮುರಾಯ್ ಮನೆಗಳಲ್ಲಿ ಕತ್ತಿಗೆ ಕೆಲಸ ಇಲ್ಲದಾಯಿತು. ಅದರ ಅಲಂಕಾರದ ಭಾಗಗಳು ಮಾರಾಟಕ್ಕೆ ಬಂದವು. ಯುರೋಪು, ಅಮೆರಿಕದ ಸಂಗ್ರಹಕಾರರು ಅವನ್ನು ರಾಶಿ ರಾಶಿಯಾಗಿ ಕೊಂಡರು.

ಹಿಡಿಯುವ ರೀತಿ

ತ್ಸುಬಾವನ್ನು ತಲೆಕೆಳಗಾಗಿ ಹಿಡಿದರೆ ಮುಂದಿನದೆಲ್ಲ ಗೊಂದಲ. ನಡುವಿನ ಉದ್ದ ತೂತನ್ನು ನೋಡಿ. ಅಲಗಿನ ಬಾಲ ತೂರುವುದು ಇದರಲ್ಲೇ. ಜಪಾನಿಯಲ್ಲಿ ಇದು ನಕಾಗೋ-ಅನಾ. ಒಂದು ತುದಿ ಚೂಪು, ಇನ್ನೊಂದು ಅಗಲ. ಚೂಪು ತುದಿ ಕತ್ತಿಯ ಬಾಯಿಯ ಕಡೆ, ಅಗಲ ತುದಿ ಬೆನ್ನಿನ ಕಡೆ. ಕತಾನಾ ಕತ್ತಿಯನ್ನು ಬಾಯಿ ಮೇಲೆ ಮಾಡಿ ಸೊಂಟಪಟ್ಟಿಗೆ ಸಿಕ್ಕಿಸುತ್ತಿದ್ದರು. ಆದ್ದರಿಂದ ಚೂಪು ತುದಿ ಮೇಲೆ ಬರುವಂತೆ ಹಿಡಿಯಿರಿ. ಅದಕ್ಕೂ ಹಳೆಯ ತಾಚಿ ಕತ್ತಿ ಬಾಯಿ ಕೆಳಗಾಗಿ ಸೊಂಟದಿಂದ ನೇತಾಡುತ್ತಿತ್ತು. ಹಾಗಾಗಿ ತಾಚಿ ತ್ಸುಬಾದ ಚಿತ್ರ ಇದಕ್ಕೆ ತಿರುಗುಮುರುಗು.

ನಡುವಿನ ತೂತಿನ ಸುತ್ತ ಮೊಟ್ಟೆಯಾಕಾರದ ಖಾಲಿ ಜಾಗ ಇರುತ್ತದೆ. ಅದು ಸೆಪ್ಪಾ-ದಾಯ್. ಸೆಪ್ಪಾ ಅನ್ನುವ ತೆಳು ತಾಮ್ರದ ಬಿಲ್ಲೆಗಳು ಅಲ್ಲಿ ಒತ್ತಿಕೊಂಡು ಕೂರುತ್ತವೆ. ಸಹಿ ಇದ್ದರೆ ಸಾಮಾನ್ಯವಾಗಿ ಅಲ್ಲೇ, ಹಿಡಿಯ ಕಡೆಯ ಮುಖದಲ್ಲಿ. ಆ ಮುಖವೇ ಮುಂಭಾಗ.

ಎಡಕ್ಕೂ ಬಲಕ್ಕೂ ಇನ್ನೆರಡು ತೂತು ಇರಬಹುದು. ಎಡಗಡೆಯದು ಅರ್ಧಚಂದ್ರದ ಹಾಗೆ. ಒರೆಯ ಪಕ್ಕದಲ್ಲಿ ಸಿಕ್ಕಿಸುತ್ತಿದ್ದ ಕೊಝುಕಾ ಎಂಬ ಪುಟ್ಟ ಚಾಕುವಿನ ಹಿಡಿ ಹಾದುಹೋಗಲು ಅದು. ಬಲಗಡೆಯದು ಮೂರು ದಳದ ಹಾಗೆ ಇರುತ್ತದೆ. ಅದು ಕೊಗಾಯ್ ಅನ್ನುವ ತಲೆಗೂದಲ ಕಡ್ಡಿಗೆ.

ಈ ಪಕ್ಕದ ತೂತುಗಳು ಒಳ್ಳೆಯ ಸಾಕ್ಷಿ. ಹಳೇ ತ್ಸುಬಾಗಳಲ್ಲಿ ಬಹಳಷ್ಟಕ್ಕೆ ಇವು ಮೊದಲು ಇರಲಿಲ್ಲ. ಮುಂದಿನ ಮಾಲೀಕ ತನ್ನ ಕತ್ತಿಗೆ ಬೇಕೆಂದು ಕೊರೆಸಿದ. ಹೂವಿನ ದಳ ಅರ್ಧಕ್ಕೇ ತುಂಡಾಗಿದೆಯೇ? ತೂತಿನ ಅಂಚು ಚಿತ್ರದ ಮೇಲೆ ಹತ್ತಿದೆಯೇ? ಹಾಗಿದ್ದರೆ ಅದು ಆಮೇಲಿನ ಕೆಲಸ. ಕೆಲವರು ಬೇಡದ ತೂತನ್ನು ಸೀಸ ಅಥವಾ ಬೇರೆ ಲೋಹದಿಂದ ಮುಚ್ಚಿಸಿದ್ದೂ ಉಂಟು. ನನಗಂತೂ ಇಂಥ ತಿದ್ದಿದ ತ್ಸುಬಾ ಕಂಡರೆ ಇಷ್ಟ. ಎರಡು ಮೂರು ಕೈ ದಾಟಿ ಬಂದಿದೆ ಅಂತ ಅದೇ ಹೇಳುತ್ತಿರುತ್ತದೆ.

ಬಡಿದದ್ದೋ, ಎರಕವೋ

ಇಲ್ಲಿ ಆತುರ ಬೇಡ. ನಕಲಿಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿಬೀಳುವುದು ಇಲ್ಲೇ.

ಮೊದಲು ಅಯಸ್ಕಾಂತ. ಕಬ್ಬಿಣದ ಹಾಗೆ ಕಾಣುವ ಬಿಲ್ಲೆಗೆ ಅದು ಅಂಟದಿದ್ದರೆ ಸತುವಿನ ಮಿಶ್ರಲೋಹಕ್ಕೆ ಕಪ್ಪು ಬಣ್ಣ ಬಳಿದಿರುವ ಸಾಧ್ಯತೆ ಜಾಸ್ತಿ. ಅಂಟಿದರೆ ಅಸಲಿ ಅಂತಲ್ಲ. ಎರಕದ ಕಬ್ಬಿಣಕ್ಕೂ ಅಂಟುತ್ತದೆ.

ಆಮೇಲೆ ಟಾರ್ಚು ಹಾಕಿ ಕತ್ತರಿಸಿದ ಭಾಗಗಳ ಒಳಗೋಡೆ ನೋಡಿ. ತಟ್ಟೆಯನ್ನು ಕೊರೆದು ಮಾಡಿದ ಜಾಲರಿ ಕೆಲಸಕ್ಕೆ ಸುಕಾಶಿ ಅನ್ನುತ್ತಾರೆ. ಕೈಯಲ್ಲಿ ಮಾಡಿದ ಸುಕಾಶಿಯಲ್ಲಿ ಉಳಿಯ, ಅರದ, ಗರಗಸದ ಗೆರೆಗಳು ಎಲ್ಲೋ ಒಂದು ಮೂಲೆಯಲ್ಲಿ ಉಳಿದೇ ಇರುತ್ತವೆ. ಮೂಲೆಗಳು ಚೂಪಾಗಿರುತ್ತವೆ. ಎರಕದಲ್ಲಿ ಮೂಲೆಗಳು ದುಂಡಗೆ. ಗೋಡೆಯ ನಡುಮಧ್ಯದಲ್ಲಿ ಕೂದಲೆಳೆಯ ಹಾಗೆ ಒಂದು ಏಣು ಓಡಿದ್ದರೆ ಅದು ಅಚ್ಚಿನ ಎರಡು ಭಾಗ ಸೇರಿದ ಜಾಗ. ಸೂಜಿ ಚುಚ್ಚಿದಂಥ ಗುಂಡನೆಯ ಗುಳಿಗಳಿದ್ದರೆ ಗಾಳಿಗುಳ್ಳೆಯ ಗುರುತು. ತುಕ್ಕು ತಿಂದ ಗುಳಿ ಹಾಗಿರುವುದಿಲ್ಲ. ಅದು ಅಡ್ಡಾದಿಡ್ಡಿ, ಒಂದರೊಳಗೊಂದು ಸೇರಿರುತ್ತದೆ.

ಬಣ್ಣವನ್ನೂ ಗಮನಿಸಿ. ಅಸಲಿ ಹಳೇ ಕಬ್ಬಿಣದ ಕಪ್ಪು ಮೇಲ್ಮೈಯಲ್ಲಿ ಹೇಗಿದೆಯೋ ಒಳಗೋಡೆಯಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಕಲಿಯಲ್ಲಿ ಮೇಲೆ ಕಪ್ಪು, ಸಂದಿಯಲ್ಲಿ ಬೂದು ಅಥವಾ ಕಿತ್ತಳೆ ಬಣ್ಣದ ಹೊಸ ತುಕ್ಕು.

ಬೆರಳ ತುದಿಯಲ್ಲಿ ತೂಗುಹಾಕಿ ಉಗುರಿನಿಂದ ತಟ್ಟಿ ಅಂತ ಕೆಲವರು ಹೇಳುತ್ತಾರೆ. ಬಡಿದ ಕಬ್ಬಿಣ ಗಂಟೆಯ ಹಾಗೆ ಠಣ್ ಅನ್ನುತ್ತದೆ, ಎರಕ ಮಂಕಾಗಿ ಕೇಳುತ್ತದೆ ಅಂತ. ಮಾಡಿ ನೋಡಿ, ಮಜಾ ಇದೆ. ಆದರೆ ಅದೊಂದನ್ನೇ ನಂಬಬೇಡಿ. ಸುಕಾಶಿ ಎಷ್ಟಿದೆ, ದಪ್ಪ ಎಷ್ಟಿದೆ ಅನ್ನುವುದರ ಮೇಲೂ ಸದ್ದು ಬದಲಾಗುತ್ತದೆ.

ಇನ್ನು ನಡುವಿನ ತೂತು. ಒಂದು ತ್ಸುಬಾವನ್ನು ಒಂದು ಅಲಗಿಗೆ ಕೂರಿಸುವಾಗ ಕುಶಲಕರ್ಮಿ ತೂತಿನ ಅಂಚಿಗೆ ಉಳಿಯಿಂದ ಹೊಡೆದು ಲೋಹವನ್ನು ಒಳಕ್ಕೆ ತಳ್ಳುತ್ತಿದ್ದ. ಆ ಹೊಡೆತದ ಗುರುತುಗಳು ಸಾಲಾಗಿ ಕಾಣುತ್ತವೆ. ತೂತಿನ ಮೇಲ್ತುದಿ, ಕೆಳತುದಿಗೆ ಮೆತ್ತನೆಯ ತಾಮ್ರದ ತುಂಡು ಸೇರಿಸುವ ರೂಢಿಯೂ ಇತ್ತು. ಅದು ಸೆಕಿಗಾನೆ. ಬೇರೆ ಅಲಗಿಗೆ ಹಾಕುವಾಗ ಆ ತುಂಡನ್ನಷ್ಟೇ ಅರದಿಂದ ಉಜ್ಜಿದರಾಯಿತು. ಸೆಪ್ಪಾ-ದಾಯ್ ಮೇಲೆ ಸೆಪ್ಪಾ ಒತ್ತಿದ ನೆರಳಿನಂಥ ಗುರುತು ಇದೆಯೇ ನೋಡಿ. ಇವೆಲ್ಲ ಇದ್ದರೆ ತ್ಸುಬಾ ನಿಜಕ್ಕೂ ಕತ್ತಿಯ ಮೇಲೆ ಕೂತಿತ್ತು. ತೂತು ಒಂದು ಗೀರೂ ಇಲ್ಲದೆ ನುಣ್ಣಗಿದ್ದರೆ ಅನುಮಾನ ಪಡಿ, ಆದರೆ ತಕ್ಷಣ ಎಸೆಯಬೇಡಿ. ಕಾಣಿಕೆ ಕೊಡಲೆಂದೋ, ಮೇಜಿ ಕಾಲದಲ್ಲಿ ವಿದೇಶಿಯರಿಗೆ ಮಾರಲೆಂದೋ ಮಾಡಿದ ತ್ಸುಬಾಗಳು ಕತ್ತಿಯನ್ನೇ ಕಂಡಿಲ್ಲ.

ಅಳತೆ

ಎತ್ತರ, ಅಗಲ, ಅಂಚಿನ ದಪ್ಪ, ನಡುವಿನ ದಪ್ಪ. ನಾಲ್ಕನ್ನೂ ಬರೆದಿಡಿ. ಎತ್ತರ 7ರಿಂದ 8.5 ಸೆಂ.ಮೀ. ಇದ್ದರೆ ಸಾಮಾನ್ಯವಾಗಿ ಕತಾನಾಗೆ. 6ರಿಂದ 7 ಸೆಂ.ಮೀ. ಆದರೆ ವಾಕಿಝಾಶಿ ಎಂಬ ಗಿಡ್ಡ ಕತ್ತಿಗೆ. ಇನ್ನೂ ಚಿಕ್ಕದಾದರೆ ಬಾಕುವಿಗೆ. ಈ ಗೆರೆ ಗಟ್ಟಿಯಲ್ಲ, ಒಂದರೊಳಗೊಂದು ಬೆರೆಯುತ್ತದೆ. ಅಂಚಿನ ದಪ್ಪಕ್ಕೂ ನಡುವಿನ ದಪ್ಪಕ್ಕೂ ಇರುವ ವ್ಯತ್ಯಾಸ ಮುಂದೆ ಕಾಲ ಗುರುತಿಸುವಾಗ ಕೆಲಸಕ್ಕೆ ಬರುತ್ತದೆ.

ಆಕಾರದ ಹೆಸರುಗಳು ಮೂರು ಗೊತ್ತಿದ್ದರೆ ಸಾಕು. ದುಂಡಗಿದ್ದರೆ ಮಾರು-ಗಾತಾ. ನಾಲ್ಕು ಎಸಳಾಗಿ ಒಳಕ್ಕೆ ಚಿವುಟಿದಂತಿದ್ದರೆ ಮೊಕ್ಕೋ-ಗಾತಾ. ಚೌಕವಾದರೆ ಕಾಕು-ಗಾತಾ.

ಲೋಹ

ಕಬ್ಬಿಣದ್ದಾದರೆ ಬಣ್ಣವನ್ನು ಹಗಲು ಬೆಳಕಿನಲ್ಲಿ ನೋಡಿ. ಒಳ್ಳೆಯ ಹಳೇ ಕಬ್ಬಿಣದ ಕಪ್ಪಿನಲ್ಲಿ ನೇರಳೆಯ ಛಾಯೆ ಇರುತ್ತದೆ, ಎಣ್ಣೆ ಹಚ್ಚದಿದ್ದರೂ ಮೆತ್ತನೆ ಹೊಳಪಿರುತ್ತದೆ. ಮನೆಯ ಹಳೇ ದೋಸೆ ಕಾವಲಿ ನೆನಪಿಸಿಕೊಳ್ಳಿ. ಹೊಸ ಕಾವಲಿಗೆ ಎಷ್ಟು ಬಣ್ಣ ಹೊಡೆದರೂ ಆ ಕಪ್ಪು ಬರುವುದಿಲ್ಲ, ಅಲ್ವಾ?

ತಾಮ್ರದ ಮಿಶ್ರಲೋಹಗಳು ಬೇರೆಯದೇ ಲೋಕ. ಶಾಕುದೋ ಅಂದರೆ ತಾಮ್ರಕ್ಕೆ ನೂರರಲ್ಲಿ ಮೂರರಿಂದ ಐದು ಪಾಲಿನಷ್ಟು ಚಿನ್ನ ಬೆರೆಸಿದ್ದು. ಬಣ್ಣ ಕಟ್ಟಿದ ಮೇಲೆ ಕಾಗೆಯ ರೆಕ್ಕೆಯಂಥ ನೀಲಿಗಪ್ಪು. ಶಿಬುಇಚಿ ಎಂಬ ಹೆಸರಿನ ಅರ್ಥವೇ ನಾಲ್ಕನೇ ಒಂದು. ತಾಮ್ರಕ್ಕೆ ಬೆಳ್ಳಿ ಬೆರೆಸಿದ್ದು, ಬೂದು ಬಣ್ಣ. ಯಾಮಾಗಾನೆ ಅಂದರೆ ಸರಿಯಾಗಿ ಶುದ್ಧಿ ಮಾಡದ ಗಣಿ ತಾಮ್ರ. ಅದರದು ಕಂದು, ಒಂದೇ ಸಮ ಇಲ್ಲದ ಬಣ್ಣ. ಹಳೇ ತಾಮ್ರದ ತ್ಸುಬಾಗಳಲ್ಲಿ ಇದು ಹೆಚ್ಚು. ಹಿತ್ತಾಳೆ ಬಣ್ಣದ್ದು ಸೆಂತೋಕು.

ಈ ಕಪ್ಪು ಬಣ್ಣ ಬಳಿದದ್ದಲ್ಲ. ತಯಾರಾದ ಬಿಲ್ಲೆಯನ್ನು ತುರಿದ ಮೂಲಂಗಿಯ ರಸದಲ್ಲಿ ಅದ್ದಿ, ಆಮೇಲೆ ತಾಮ್ರದ ಲವಣಗಳ ನೀರಿನಲ್ಲಿ ಕುದಿಸುತ್ತಾರೆ. ಶಾಕುದೋ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಚಿನ್ನ ಹಾಗೇ ಉಳಿಯುತ್ತದೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬೀದರ್. ಬಿದ್ರಿಯಲ್ಲಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ಬಿಸಿ ಕಲಸಿನಲ್ಲಿ ಉಜ್ಜುತ್ತಾರೆ. ಅಲ್ಲೂ ತಳ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಬ್ಬರೂ ಹಿಡಿದದ್ದು ಒಂದೇ ಉಪಾಯ. ಬಿದ್ರಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಏನಾಗುತ್ತದೋ, ಶಾಕುದೋ ತ್ಸುಬಾವನ್ನು ಪಾಲಿಶ್ ಹಾಕಿ ತಿಕ್ಕಿದರೂ ಅದೇ ಆಗುತ್ತದೆ. ಅಂಚುಗಳಲ್ಲಿ ಕೆಂಪು ತಾಮ್ರ ಇಣುಕಿದ ಶಾಕುದೋ ಕಂಡರೆ ಯಾರೋ ತಿಕ್ಕಿದ್ದಾರೆ ಅಂತ ತಿಳಿಯಿರಿ.

ಮೀನಿನ ಮೊಟ್ಟೆಯ ಹಾಗೆ ಪುಟಾಣಿ ಗುಂಡುಗಳು ತುಂಬಿದ ಮೇಲ್ಮೈ ಇದ್ದರೆ ಅದು ನಾನಾಕೋ. ಒಂದೊಂದು ಗುಂಡನ್ನೂ ಬಟ್ಟಲು ತುದಿಯ ಉಳಿಯಿಂದ ಹೊಡೆದು ಎಬ್ಬಿಸಿದ್ದು. ಭೂತಗನ್ನಡಿಯಲ್ಲಿ ಗುಂಡುಗಳ ನಡುವೆ ಚೂಪು ಸಂದಿ ಕಾಣಬೇಕು. ಹಳೆಯ ನಾನಾಕೋದಲ್ಲಿ ಸಾಲುಗಳು ಸ್ವಲ್ಪ ಅಂಕುಡೊಂಕು. ಎದೋ ಕಾಲದ (1603ರಿಂದ 1868) ಒಳ್ಳೆಯ ಕೆಲಸದಲ್ಲಿ ಅಳತೆಗೋಲು ಇಟ್ಟ ಹಾಗೆ ನೇರ. ಎರಕದ್ದಾದರೆ ಬೆಂದ ಸಾಬಕ್ಕಿಯ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಕಾಲ

ಈಗ ಅಸಲು ವಿಷಯ. ಮೊದಲು ನಾಲ್ಕು ಕಾಲಗಳು. ಮುರೊಮಾಚಿ 1336ರಿಂದ 1573. ಮೊಮೊಯಾಮಾ ಅಲ್ಲಿಂದ 17ನೇ ಶತಮಾನದ ಆರಂಭದವರೆಗೆ. ಎದೋ 1603ರಿಂದ 1868. ಮೇಜಿ 1868ರಿಂದ 1912. ಇದರಲ್ಲಿ ಇಂಥ ವರ್ಷ ಅಂತ ಹೇಳುವುದು ತೀರಾ ಅಪರೂಪ. ಅರ್ಧ ಶತಮಾನದೊಳಗೆ ಹಿಡಿದರೆ ಅದೇ ದೊಡ್ಡದು.

ತೆಳ್ಳಗೆ, ಅಗಲವಾಗಿ, ಸಾದಾ ಇರುವ ಕಬ್ಬಿಣದ ತಟ್ಟೆಯಿಂದ ಶುರುಮಾಡೋಣ. ಎಂಟೂವರೆ, ಒಂಬತ್ತು ಸೆಂ.ಮೀ. ಅಗಲ. ದಪ್ಪ ಎರಡು ಮೂರು ಮಿ.ಮೀ. ಅಷ್ಟೇ. ಒಂದು ಮೂಲೆಯಲ್ಲಿ ಚೆರ್ರಿ ಹೂವೋ, ಕುಡುಗೋಲೋ, ಏರೋಪ್ಲೇನ್ ಚಿಟ್ಟೆಯೋ ಸಣ್ಣದಾಗಿ ಕೊರೆದಿರುತ್ತದೆ. ಸುತ್ತ ತಟ್ಟೆ ಖಾಲಿ. ಇವು ಮುರೊಮಾಚಿ ಕಾಲದ ಶೈಲಿ. ಅಂಚು ಚಪ್ಪಟೆಯಾಗಿದ್ದರೆ ತೋಶೋ ಅನ್ನುತ್ತಾರೆ, ಅಂದರೆ ಕತ್ತಿ ಕಮ್ಮಾರರದು. ಅಂಚು ತಟ್ಟೆಯ ಸುತ್ತ ಎದ್ದು ನಿಂತಿದ್ದರೆ ಕಾಚ್ಚೂಶಿ, ಅಂದರೆ ಕವಚ ಮಾಡುವವರದು. ಹೆಸರು ಹಾಗಿದೆ ಅಂತ ಮಾಡಿದವರು ಅವರೇ ಅಂತ ಹಟ ಹಿಡಿಯಬೇಡಿ. ಸಂಗ್ರಹಕಾರರು ಗುಂಪು ಮಾಡಲು ಇಟ್ಟುಕೊಂಡ ಹೆಸರುಗಳಿವು. ಇವಕ್ಕೆ ಸಹಿ ಇರುವುದಿಲ್ಲ.

ಕಬ್ಬಿಣದ ಮೇಲೆ ಹಿತ್ತಾಳೆಯ ಚುಕ್ಕಿ, ಗೆರೆಗಳನ್ನು ಕೂರಿಸಿದ್ದರೆ ಓನಿನ್ ಶೈಲಿ. 1467ರಿಂದ 1477ರವರೆಗೆ ಕ್ಯೋಟೋವನ್ನು ಸುಟ್ಟ ಓನಿನ್ ಯುದ್ಧದ ಹೆಸರನ್ನೇ ಇದಕ್ಕೆ ಇಟ್ಟಿದ್ದಾರೆ. ಹಿತ್ತಾಳೆಯಲ್ಲಿ ಬಳ್ಳಿ, ಎಲೆ ತುಂಬಿ ಚಿತ್ರವೇ ಆದರೆ ಅದರ ಮುಂದಿನ ಹೆಇಆಂಜೋ.

ಆಮೇಲೆ ತಟ್ಟೆಯ ಬಹುಪಾಲು ಕೊರೆದು ಚಿತ್ರವನ್ನಷ್ಟೇ ಉಳಿಸುವ ಸುಕಾಶಿ ಬಂತು. ಇದರಲ್ಲಿ ಎರಡು ಊರಿನ ಗುಣ ಮನಸ್ಸಿನಲ್ಲಿಟ್ಟುಕೊಳ್ಳಿ. ಓವಾರಿ, ಅಂದರೆ ಈಗಿನ ನಗೋಯಾ ಸುತ್ತಲಿನ ಸೀಮೆ. ಅಲ್ಲಿನ ಗೆರೆ ದಪ್ಪ, ಎಡಬಲ ಸಮ, ಗತ್ತು ಜಾಸ್ತಿ. ಕ್ಯೋಟೋದ ಕ್ಯೋ-ಸುಕಾಶಿಯ ಗೆರೆ ತೆಳು, ನಾಜೂಕು. ಪಕ್ಕಪಕ್ಕ ಇಟ್ಟರೆ ಒಂದು ಕುಸ್ತಿ ಪಟು, ಇನ್ನೊಂದು ನಾಟ್ಯಗಾತಿ. ಓವಾರಿಯಲ್ಲೂ, ಅದರ ನೆರೆಯ ಕಾನಾಯಾಮಾ ಎಂಬ ಚಿಕ್ಕ, ದಪ್ಪ ತ್ಸುಬಾಗಳಲ್ಲೂ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಗಂಟು ಗಂಟಾಗಿ ಹೊಳೆಯುವ ಉಬ್ಬುಗಳು ಸಿಗಬಹುದು. ತೆಕ್ಕೊತ್ಸು ಅಂದರೆ ಕಬ್ಬಿಣದ ಎಲುಬು. ಗಡಸು ಕಬ್ಬಿಣದ ಭಾಗ ಹಾಗೆ ಎದ್ದು ನಿಂತಿರುತ್ತದೆ. ಇದು ಹಳೆಯದರ ಒಳ್ಳೆಯ ಗುರುತು. ಆದರೆ ಇದು ಬೆಲೆ ಏರಿಸುತ್ತದೆ ಅಂತ ಗೊತ್ತಾದ ಮೇಲೆ ಆಮೇಲಿನವರೂ ಬೇಕೆಂದೇ ಉಬ್ಬು ಮಾಡಿದ್ದಾರೆ. ಅಸಲಿ ಎಲುಬು ಎಲ್ಲೆಂದರಲ್ಲಿ ಬರುತ್ತದೆ, ಲೆಕ್ಕ ಹಾಕಿ ಇಟ್ಟಂತೆ ಇರುವುದಿಲ್ಲ.

ಮೊಮೊಯಾಮಾ ಹೊತ್ತಿಗೆ ಮಾಡಿದವರು ಹೆಸರು ಕೆತ್ತಲು ಶುರುಮಾಡಿದರು. ನೊಬುಇಎ, ಯಾಮಾಕಿಚಿಬೆಇ, ಫುಶಿಮಿಯ ಕಾನೆಇಎ. ಕಾನೆಇಎ ಕಬ್ಬಿಣದ ಮೇಲೆ ಬೆಟ್ಟ, ದೋಣಿ, ಸನ್ಯಾಸಿ ಇರುವ ಪೂರಾ ಚಿತ್ರ ತಂದ. ಅದೇ ಕಾಲದಲ್ಲಿ ಕ್ಯೋಟೋದ ಉಮೆತಾದಾ ಮ್ಯೋಜು ಇದ್ದ, 1558ರಿಂದ 1631. ತಾಮ್ರ ಮತ್ತು ಹಿತ್ತಾಳೆಯ ತಟ್ಟೆಗೆ ಬೇರೆ ಲೋಹಗಳನ್ನು ಮಟ್ಟಸವಾಗಿ ಕೂರಿಸಿ ಬಣ್ಣದ ಚಿತ್ರ ಬರೆದಂತೆ ಮಾಡಿದ. ಇವರ ಹೆಸರಿರುವ ತ್ಸುಬಾ ನಿಮಗೆ ಅಗ್ಗಕ್ಕೆ ಸಿಕ್ಕಿದರೆ ಖುಷಿಪಡಬೇಡಿ. ಈ ಹೆಸರುಗಳನ್ನು ಶತಮಾನಗಟ್ಟಲೆ ನಕಲು ಮಾಡಿದ್ದಾರೆ.

ಎದೋ ಕಾಲ ಶಾಂತಿಯ ಕಾಲ. ಇನ್ನೂರೈವತ್ತು ವರ್ಷ ದೊಡ್ಡ ಯುದ್ಧ ಇಲ್ಲ. ಕತ್ತಿ ಅಂತಸ್ತಿನ ಗುರುತಾಯಿತು, ತ್ಸುಬಾ ಒಡವೆಯಾಯಿತು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಈ ಕಾಲದವೇ. ಹಾಗಾಗಿ ಅನುಮಾನ ಬಂದಾಗ ಮುರೊಮಾಚಿ ಅಂತ ಹಾರಬೇಡಿ, ಎದೋ ಅಂತ ಬರೆದುಕೊಳ್ಳಿ. ತಪ್ಪಾಗುವ ಸಾಧ್ಯತೆ ಕಮ್ಮಿ.

ಎದೋ ಊರಿನ, ಅಂದರೆ ಈಗಿನ ಟೋಕಿಯೋದ, ಅಕಾಸಾಕಾ ಕೇರಿಯವರು ಕ್ಯೋಟೋದ ನಾಜೂಕಿಗೆ ಹೊಸ ವಿನ್ಯಾಸ ಸೇರಿಸಿ ಸುಕಾಶಿ ಮಾಡಿದರು. ಅದೇ ಊರಿನ ಬುಶು-ಇತೋ ಮನೆತನ ಕೂದಲೆಳೆಯಂಥ ಗರಗಸದ ಗೆರೆಗೆ ಹೆಸರಾಯಿತು. ಕ್ಯೂಶೂ ದ್ವೀಪದ ಹಿಗೋ, ಈಗಿನ ಕುಮಾಮೋತೋ, ನನ್ನ ಮೆಚ್ಚಿನ ಸೀಮೆ. ಅಲ್ಲಿನ ಹೊಸೊಕಾವಾ ಸಾನ್ಸಾಯ್ ಚಹಾ ಗೋಷ್ಠಿಯ ರುಚಿ ಇದ್ದ ದೊರೆ. ಹಯಾಶಿ ಮಾತಾಶಿಚಿ ಮತ್ತು ನಿಶಿಗಾಕಿ ಕಾನ್ಶಿರೋ ಇಬ್ಬರೂ ಹಿಗೋದಲ್ಲಿ ತ್ಸುಬಾ ಮಾಡಿದವರು, ಇಬ್ಬರೂ 1613ರಲ್ಲಿ ಹುಟ್ಟಿದವರು. ಹಿಗೋ ತ್ಸುಬಾದಲ್ಲಿ ಕಬ್ಬಿಣದ ಕಪ್ಪೇ ಅಲಂಕಾರ. ಚಿನ್ನ ಇದ್ದರೂ ಸಾಸಿವೆ ಒಗ್ಗರಣೆಯಷ್ಟು. ಕತ್ತಿವರಸೆಗೆ ಹೆಸರಾದ ಮಿಯಾಮೊತೋ ಮುಸಾಶಿ ಕೊನೆಯ ದಿನಗಳನ್ನು ಕಳೆದದ್ದೂ ಇಲ್ಲೇ. ಎಡಬಲ ಎರಡು ಉದ್ದ ದೊಗರಿನ ಸರಳ ವಿನ್ಯಾಸ ಅವನ ಹೆಸರಿಗೆ ಅಂಟಿಕೊಂಡಿದೆ. ಅದಕ್ಕೆ ನಾಮಾಕೋ, ಅಂದರೆ ಸಮುದ್ರಸೌತೆ, ಅನ್ನುತ್ತಾರೆ.

ಪಶ್ಚಿಮದ ಚೋಶು ಸೀಮೆಯ ಹಗಿ ಊರಿನವರು ಕಬ್ಬಿಣದಲ್ಲೇ ಹೂವು, ಪೈನ್ ಮರ, ಊರಿನ ನೋಟಗಳನ್ನು ಉಬ್ಬಾಗಿ ಕೆತ್ತಿದರು. ಇವು ಹೇರಳವಾಗಿ ಸಿಗುತ್ತವೆ, ಸಹಿಯೂ ಇರುತ್ತದೆ. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯದಿಲ್ಲ. ಹಿಕೋನೆ ಊರಿನ ಸೋತೆನ್ ಎಂಬ ಕುಶಲಕರ್ಮಿಯ ಶೈಲಿಯಲ್ಲಿ ತಟ್ಟೆಯ ತುಂಬ ಚೀನೀ ಕಥೆಗಳ ಜನಜಂಗುಳಿ, ಮುಖಗಳಿಗೆ ಚಿನ್ನ ಬೆಳ್ಳಿ. ಸೋತೆನ್ ಸಹಿಯಂತೂ ಬೀದಿಬೀದಿಯಲ್ಲಿ ಸಿಗುತ್ತದೆ. ಹೆಚ್ಚಿನವು ಅವನವಲ್ಲ.

ತಾಮ್ರ, ಶಾಕುದೋ ಕೆಲಸದಲ್ಲಿ ಹಳೇ ಮನೆತನ ಗೋತೋ. ಮೂಲಪುರುಷ ಯೂಜೋ, 1440ರಿಂದ 1512. ಶೋಗನ್‌ಗಳಿಗೆ, ಅಂದರೆ ದೇಶ ಆಳುತ್ತಿದ್ದ ಸೇನಾಧಿಪತಿಗಳಿಗೆ, ಕೆಲಸ ಮಾಡಿದ ಮನೆ, ಹಾಗಾಗಿ ಗಂಭೀರ ಶೈಲಿ. ಕಪ್ಪು ನಾನಾಕೋ ಮೇಲೆ ಚಿನ್ನದ ಡ್ರ್ಯಾಗನ್, ಸಿಂಹ. ಇದರಿಂದ ಬೇಸತ್ತವನ ಹಾಗೆ ಯೊಕೊಯಾ ಸೋಮಿನ್, 1670ರಿಂದ 1733, ಕುಂಚ ಎಳೆದಂಥ ಓರೆಗೆರೆಗಳ ಕೆತ್ತನೆ ತಂದು ಪೇಟೆಯ ಜನರಿಗಾಗಿ ಕೆಲಸ ಮಾಡಿದ. ಆಮೇಲೆ 18, 19ನೇ ಶತಮಾನದಲ್ಲಿ ನಾರಾ, ಹಮಾನೋ, ಮಿತೋ, ಇಶಿಗುರೋ ಎಂಬ ಪಂಗಡಗಳ ಬಣ್ಣ ಬಣ್ಣದ ಲೋಹಚಿತ್ರಗಳು. ಲೋಹದ ಬಣ್ಣ ಹೆಚ್ಚಿದಷ್ಟೂ, ಚಿತ್ರದಲ್ಲಿ ಕಥೆ ಹೆಚ್ಚಿದಷ್ಟೂ ಕಾಲ ಈಚೆಗೆ ಬರುತ್ತದೆ ಅಂತ ಸ್ಥೂಲವಾಗಿ ಲೆಕ್ಕ ಹಾಕಬಹುದು.

1868ರ ಆಸುಪಾಸಿನವರಲ್ಲಿ ಕಾನೋ ನತ್ಸುಒ, 1828ರಿಂದ 1898, ದೊಡ್ಡ ಹೆಸರು. ಕತ್ತಿ ನಿಂತ ಮೇಲೆ ಮೇಜಿ ಸರ್ಕಾರದ ಹೊಸ ನಾಣ್ಯಗಳ ವಿನ್ಯಾಸಕ್ಕೂ ಇವನೇ ಕೈಹಾಕಿದ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಯೊಕೊಹಾಮಾ ಬಂದರಿನಲ್ಲಿ ವಿದೇಶಿಯರಿಗೆ ಮಾರಲು ಅವಸರದಲ್ಲಿ ಮಾಡಿದ ಸರಕಿಗೆ ಹಮಾಮೊನೋ ಅನ್ನುತ್ತಾರೆ. ತೂತು ಸವೆದಿಲ್ಲ, ಚಿತ್ರ ತುಂಬಿ ತುಳುಕುತ್ತದೆ, ಚಿನ್ನ ತೆಳು, ಹಿಂಭಾಗ ಬಡವಾಗಿದೆ ಅಂದರೆ ಇದೇ ಇರಬಹುದು.

ಯುದ್ಧದಿಂದ ಬಂದವು

ಭಾರತದಲ್ಲಿ ಜಪಾನಿ ಕತ್ತಿ ಕಂಡರೆ ಅದು ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯಿಂದ ಬಂದ ಸೇನಾ ಕತ್ತಿ ಆಗಿರುವ ಸಾಧ್ಯತೆ ಇದೆ. ಅಲ್ಲಿ ಹೋರಾಡಿದ ನಮ್ಮ ಸೈನಿಕರು ನೆನಪಿಗೆ ತಂದದ್ದು. ಜಪಾನಿ ಭೂಸೇನೆಯ ಅಧಿಕಾರಿಗಳ ಕತ್ತಿಯ ಈ ಮಾದರಿ 1934ರಲ್ಲಿ ಬಂತು. ಅದರ ತ್ಸುಬಾ ಹಿತ್ತಾಳೆಯದು, ನಾಲ್ಕು ಎಸಳಿನದು, ಎಸಳುಗಳಲ್ಲಿ ಚೆರ್ರಿ ಹೂವು. ಕಾರ್ಖಾನೆಯ ಸರಕು. ಯುದ್ಧದ ಇತಿಹಾಸಕ್ಕೆ ಬೆಲೆ ಇದೆ, ಎದೋ ಕಾಲದ್ದಂತೂ ಅಲ್ಲ. ಹಾಗಂತ ಅಲಗನ್ನು ಕಡೆಗಣಿಸಬೇಡಿ. ಕೆಲವು ಅಧಿಕಾರಿಗಳು ಮನೆಯ ಹಳೇ ಅಲಗಿಗೇ ಸೇನೆಯ ಹಿಡಿ ಹಾಕಿಸಿಕೊಂಡಿದ್ದರು.

ಕೊನೆಗೆ ಸಹಿ

ಸಹಿಗೆ ಮೆಇ ಅನ್ನುತ್ತಾರೆ. ಸಹಿ ಇಲ್ಲದ್ದು ಮುಮೆಇ, ಸುಳ್ಳು ಸಹಿ ಗಿಮೆಇ. ಮೇಲಿನಿಂದ ಕೆಳಕ್ಕೆ ಓದಬೇಕು. ಮೊದಲು ಸೀಮೆ, ಊರು. ಆಮೇಲೆ ಜು, ಅಂದರೆ ವಾಸಿ. ಆಮೇಲೆ ಹೆಸರು. ಕೊನೆಗೆ ಸಾಕು, ಅಂದರೆ ಮಾಡಿದ್ದು. ಚೋಶು ಹಗಿ ಜು ಅಂತ ಶುರುವಾದರೆ ಚೋಶು ಸೀಮೆಯ ಹಗಿ ಊರಿನವ. ಬುಶು ಜು ಅಂದರೆ ಎದೋ ಇದ್ದ ಮುಸಾಶಿ ಸೀಮೆಯವ. ಟೋಕಿಯೋ ಅಂತ ಕೆತ್ತಿದ್ದರೆ 1868ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಎದೋ ಆ ಹೆಸರು ಪಡೆದದ್ದೇ ಆಗ. ಹೆಸರಿನ ಕೆಳಗೆ ಬಳ್ಳಿ ಸುತ್ತಿದಂಥ ಗುರುತಿದ್ದರೆ ಅದು ಕಾಒ, ಮಾಡಿದವನ ಸ್ವಂತ ಮುದ್ರೆ.

ಕೆಲವರು ವರ್ಷವನ್ನೂ ಕೆತ್ತಿರುತ್ತಾರೆ. ಜಪಾನಿನಲ್ಲಿ ವರ್ಷವನ್ನು ಎಣಿಸುವುದು ಚಕ್ರವರ್ತಿ ಆಳ್ವಿಕೆಯ ಯುಗದ ಹೆಸರಿನಿಂದ. ನಮ್ಮ ಸಂವತ್ಸರಗಳ ಹಾಗೆ ಹೆಸರಿದೆ, ಆದರೆ ಜೊತೆಗೆ ಎಷ್ಟನೇ ವರ್ಷ ಅಂತಲೂ ಇರುತ್ತದೆ. ತೆನ್ಪೋ ಯುಗ 1830ಕ್ಕೆ, ಕಾಎಇ 1848ಕ್ಕೆ, ಆನ್ಸೆಇ 1854ಕ್ಕೆ ಶುರು. ಯುಗ ಶುರುವಾದ ವರ್ಷಕ್ಕೆ ಕೆತ್ತಿದ ಸಂಖ್ಯೆ ಕೂಡಿ ಒಂದು ಕಳೆಯಿರಿ. ಕಾಎಇ 3 ಅಂದರೆ 1848ಕ್ಕೆ 3 ಕೂಡಿ 1 ಕಳೆದು 1850. ಅಕ್ಷರ ಬರದಿದ್ದರೆ ಸಹಿಯ ಫೋಟೋ ತೆಗೆದು, ಓರೆ ಬೆಳಕಿನಲ್ಲಿ ಇನ್ನೊಂದು ತೆಗೆದು, ಓದಬಲ್ಲವರಿಗೆ ತೋರಿಸಿ.

ಈಗ ಒಂದೇ ಪ್ರಶ್ನೆ. ಇಷ್ಟು ಹೊತ್ತು ಲೋಹ ಮತ್ತು ಕೆಲಸ ನೋಡಿ ನೀವು ಬರೆದುಕೊಂಡ ಕಾಲಕ್ಕೂ ಸಹಿಗೂ ಹೊಂದುತ್ತದೆಯೇ? ಹೊಂದದಿದ್ದರೆ ಸಹಿಯನ್ನು ಬಿಡಿ, ಲೋಹವನ್ನು ನಂಬಿ. ಸಹಿಯ ಗೀರಿನೊಳಗೆ ಇಣುಕಿ ನೋಡಿ. ತಟ್ಟೆಯ ಕಪ್ಪು ಗೀರಿನೊಳಗೂ ಇಳಿದಿರಬೇಕು. ಗೀರು ಹೊಳೆಯುತ್ತಿದ್ದರೆ ಯಾರೋ ಆಮೇಲೆ ಕೆತ್ತಿದ್ದಾರೆ. ಸುಳ್ಳು ಸಹಿ ಇದ್ದ ಮಾತ್ರಕ್ಕೆ ತ್ಸುಬಾ ಕೆಟ್ಟದ್ದಲ್ಲ. ಒಳ್ಳೆಯ ಹಳೇ ತ್ಸುಬಾಕ್ಕೆ ದುರಾಸೆಯವನು ಹೆಸರು ಕೆತ್ತಿ ಹಾಳುಮಾಡಿದ್ದೂ ಇದೆ.

ಹೋಲಿಸಿ ನೋಡಲು ನ್ಯೂಯಾರ್ಕಿನ ಮೆಟ್ರೋಪಾಲಿಟನ್, ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ತಮ್ಮ ತ್ಸುಬಾಗಳ ಫೋಟೋಗಳನ್ನು ಅಂತರ್ಜಾಲದಲ್ಲಿ ಇಟ್ಟಿವೆ. ದಿನಕ್ಕೆ ಹತ್ತು ನೋಡಿ, ಹೆಸರು ಮುಚ್ಚಿ ಊಹಿಸಿ. ದುಬಾರಿ ತ್ಸುಬಾ ಕೊಳ್ಳುವುದಾದರೆ ಪ್ರಮಾಣಪತ್ರ ಕೇಳಿ. 1948ರಲ್ಲಿ ಶುರುವಾದ ನಿಹೋನ್ ಬಿಜುತ್ಸು ತೋಕೆನ್ ಹೋಝೋನ್ ಕ್ಯೋಕಾಯ್ ಎಂಬ ಜಪಾನಿ ಕತ್ತಿಗಳ ಸಂಸ್ಥೆ ತ್ಸುಬಾವನ್ನು ಪರೀಕ್ಷಿಸಿ ಪತ್ರ ಕೊಡುತ್ತದೆ. ಹೋಝೋನ್ ಅಂದರೆ ಕಾಪಾಡಲು ಯೋಗ್ಯ, ತೊಕುಬೆತ್ಸು ಹೋಝೋನ್ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪತ್ರದ ಫೋಟೋದಲ್ಲಿರುವ ತ್ಸುಬಾ ಮತ್ತು ನಿಮ್ಮ ಕೈಯಲ್ಲಿರುವುದು ಒಂದೇ ತಾನೇ ಅಂತ ಗೀರು ಗೀರು ಹೋಲಿಸಿ.

ಮನೆಗೆ ತಂದ ಮೇಲೆ ತಿಕ್ಕಬೇಡಿ. ಬ್ರಾಸೋ, ನಿಂಬೆಹುಳಿ, ತಂತಿಯ ಬ್ರಷ್ಷು ಯಾವುದೂ ಬೇಡ. ಕಬ್ಬಿಣದ ಮೇಲೆ ಕೆಂಪು ತುಕ್ಕು ಎದ್ದಿದ್ದರೆ ಮೂಳೆ ಅಥವಾ ಜಿಂಕೆ ಕೊಂಬಿನ ಚೂರಿನಿಂದ ಆ ಜಾಗವನ್ನಷ್ಟೇ ಮೆಲ್ಲಗೆ ಕೆರೆಯುವುದು ಜಪಾನಿನ ಹಳೇ ಪದ್ಧತಿ. ಆಮೇಲೆ ಹತ್ತಿ ಬಟ್ಟೆಯಿಂದ ದಿನಾ ಸ್ವಲ್ಪ ಹೊತ್ತು ಒರೆಸಿದರೆ ಸಾಕು. ಶಾಕುದೋ, ಶಿಬುಇಚಿಯನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ, ಬೆವರಿನ ಗುರುತು ಹೋಗುವುದಿಲ್ಲ. ಕರಾವಳಿಯಲ್ಲಿದ್ದರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬದಲಿಸಿ.

ಪ್ರತಿ ತ್ಸುಬಾಕ್ಕೂ ಒಂದು ಚೀಟಿ ಬರೆದಿಡಿ. ನನ್ನ ಹತ್ತಿರ ಇರುವ ಒಂದರ ಚೀಟಿ ಹೀಗಿದೆ: "ಕಬ್ಬಿಣ. ದುಂಡು. 7.6 ಸೆಂ.ಮೀ. ಎತ್ತರ, ಅಂಚು 5 ಮಿ.ಮೀ. ಪಿಯೋನಿ ಹೂವು, ಉಬ್ಬು ಕೆತ್ತನೆ, ಎಲೆಯ ನರಗಳು ಚೂಪು. ತೂತಿಗೆ ಮೇಲೂ ಕೆಳಗೂ ತಾಮ್ರ, ಉಳಿಯ ಏಟು ಮೂರು. ಬಲಗಡೆಯ ತೂತು ಎಲೆಯನ್ನು ತುಂಡರಿಸಿದೆ, ಆಮೇಲಿನದು. ಕಾಲ: 18ನೇ ಶತಮಾನದ ಕೊನೆ ಅಥವಾ 19ರ ಆರಂಭ. ಸಹಿ: ಚೋಶು ಹಗಿ ಜು. ಹೆಸರಿನ ಮೇಲೆ ತಾಮ್ರದ ತುಂಡು ಕೂತಿದೆ, ಓದಲಾಗುತ್ತಿಲ್ಲ." ಆ ತುಂಡನ್ನು ತೆಗೆಸಿ ಹೆಸರು ನೋಡಿ ಅಂತ ಗೆಳೆಯರು ಹೇಳುತ್ತಲೇ ಇರುತ್ತಾರೆ. ನಾನು ತೆಗೆಸಿಲ್ಲ.